ಎಲ್ಟ್ಸ್‌ಗೋ, ಮಾರ್ಕ್ಸ್‌ಬುರ್ಗ್‌ಗೋ? ಅಪ್ಪ ಅಮ್ಮನ ಜೊತೆ ಸುತ್ತಿದ ರೈನ್ ಸೀಮೆಯ ಕೋಟೆಗಳು

ಫ್ರಾಂಕ್‌ಫರ್ಟ್‌ನಲ್ಲಿ ಮನೆ ಮಾಡಿದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಊರಿಂದ ಬಂದವರು ಎರಡನೇ ದಿನವೇ ಕೇಳುತ್ತಾರೆ, "ಇಲ್ಲೇ ಹತ್ತಿರ ಕೋಟೆಗಳಿವೆಯಂತಲ್ಲ?" ಇವೆ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗೆ ರೈನ್ ನದಿಯ 65 ಕಿಲೋಮೀಟರ್ ಉದ್ದಕ್ಕೂ, ಎರಡೂ ದಡದ ಗುಡ್ಡಗಳ ಮೇಲೆ ಸಾಲಾಗಿ ಇವೆ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಣಿವೆ ಅದು. ಕೊಬ್ಲೆನ್ಸ್‌ನಲ್ಲಿ ಮೊಸೆಲ್ ನದಿ ಬಂದು ಕೂಡುತ್ತದೆ, ಆ ಕಡೆ ಇನ್ನೂ ಒಂದಷ್ಟು. ಎಲ್ಲ ನೋಡಲು ಆಗಲ್ಲ, ಆರಿಸಲೇಬೇಕು.

ಹೋದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಚಿತ್ರದುರ್ಗದವರು. ಏಳು ಸುತ್ತಿನ ಕೋಟೆಯ ಬುಡದಲ್ಲೇ ಬೆಳೆದವರಿಗೆ ಇನ್ನೊಂದು ಕೋಟೆ ತೋರಿಸಿ ಸೈ ಅನಿಸಿಕೊಳ್ಳುವುದು ಸುಲಭವಲ್ಲ. ಸಾಲದ್ದಕ್ಕೆ ಅಮ್ಮನಿಗೆ ಮಂಡಿ ನೋವು. ಇಬ್ಬರನ್ನೂ ಕರೆದುಕೊಂಡು ಎರಡು ಕೋಟೆ ನೋಡಿದೆ, ಅಪ್ಪನ ಜೊತೆ ಮೂರನೆಯದಕ್ಕೂ ಹೋದೆ.

ಮೊದಲು ಎಲ್ಟ್ಸ್. ಫೋಟೊದಲ್ಲಿ ನೀವೂ ನೋಡಿರುತ್ತೀರಿ: ಕಾಡಿನ ನಡುವೆ ಬಂಡೆ, ಬಂಡೆ ಮೇಲೆ ಒತ್ತೊತ್ತಾಗಿ ಎದ್ದ ಗೋಪುರಗಳು. ಹಳೇ 500 ಮಾರ್ಕ್ ನೋಟಿನ ಮೇಲೆ ಇದೇ ಚಿತ್ರ ಇತ್ತು. ಇದು ರೈನ್ ದಡದಲ್ಲಿಲ್ಲ. ಮೊಸೆಲ್ ಸೇರುವ ಎಲ್ಟ್ಸ್‌ಬಾಖ್ ಅನ್ನೋ ಹಳ್ಳದ ಪಕ್ಕ, ಒಳಗೆ ಅಡಗಿಕೊಂಡಿದೆ. ರೈಲಿನಲ್ಲಿ ಹೋದರೆ ಮೊಸೆಲ್‌ಕೆರ್ನ್‌ನಲ್ಲಿ ಇಳಿದು ಹಳ್ಳದ ಜೊತೆ ಸುಮಾರು ಒಂದೂವರೆ ಗಂಟೆ ನಡೆಯಬೇಕು. ಅಮ್ಮನಿಂದ ಆಗದ ಮಾತು. ಗೆಳತಿಯ ಕಾರು ತೆಗೆದುಕೊಂಡು ಹೋದೆವು.

ಕಾರು ನಿಲ್ಲಿಸುವ ಜಾಗ ಮೇಲಿದೆ, ಕೋಟೆ ಕೆಳಗೆ. ಕೋಟೆ ಅಂದರೆ ತಲೆ ಎತ್ತಿ ನೋಡಬೇಕು ಅನ್ನೋದು ನಮ್ಮ ಲೆಕ್ಕ. ಇಲ್ಲಿ ತಲೆ ಬಗ್ಗಿಸಿ ನೋಡಬೇಕು. ಅಮ್ಮ ಎರಡು ಯೂರೋ ಕೊಟ್ಟು ಪುಟ್ಟ ವ್ಯಾನ್ ಹತ್ತಿದರು. ಅಪ್ಪ ಕಾಡಿನ ದಾರಿಯಲ್ಲೇ ಇಳಿಯೋಣ ಅಂದರು. ಇಳಿಯೋದೇನು ಮಹಾ ಅಂತ ನಾನೂ ಹೂಂ ಅಂದೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ಅಪ್ಪನ ಕಾಲಲ್ಲಿ ಬಾಟಾ ಸ್ಯಾಂಡಲ್. ಎರಡನೇ ತಿರುವಿನಲ್ಲೇ ಜಾರಿ ಕೂತರು. ಪೆಟ್ಟೇನೂ ಆಗಲಿಲ್ಲ, ಪ್ಯಾಂಟ್ ಹಿಂದೆ ಮಾತ್ರ ಕೆಮ್ಮಣ್ಣಿನ ಮುದ್ರೆ. ಒಳಗೆ ರೇಷ್ಮೆ ಹೊದಿಸಿದ ಕುರ್ಚಿಗಳ ಮಧ್ಯೆ ಅವರು ಗೋಡೆಗೆ ಬೆನ್ನು ಕೊಟ್ಟೇ ನಡೆದರು, ಪಾಪ.

ಒಳಗಿನ ಕಥೆ ನಮ್ಮವರಿಗೆ ಥಟ್ಟನೆ ಅರ್ಥವಾಗುತ್ತದೆ. 1268ಕ್ಕೂ ಮೊದಲೇ ಈ ಮನೆತನದ ಅಣ್ಣತಮ್ಮಂದಿರು ಪಾಲಾದರು. ಪಾಲಾದರೂ ಯಾರೂ ಮನೆ ಬಿಡಲಿಲ್ಲ. ಒಂದೇ ಅಂಗಳದ ಸುತ್ತ ರ‍್ಯೂಬೆನಾಖ್, ರೋಡೆನ್‌ಡಾರ್ಫ್, ಕೆಂಪೆನಿಖ್ ಅಂತ ಮೂರು ಕವಲು, ಮೂರು ಮನೆ. ಜಾಗ ಸಾಲದಾದಾಗ ಬಂಡೆಯ ಮೇಲೆ ಎತ್ತರಕ್ಕೆ ಕಟ್ಟುತ್ತಾ ಹೋದರು. ಆ ಒತ್ತೊತ್ತು ಗೋಪುರಗಳ ಗುಟ್ಟು ಇಷ್ಟೇ. "ಅಡುಗೆ ಬೇರೆ, ಅಂಗಳ ಒಂದೇ," ಅಂತ ಅಮ್ಮ ನಕ್ಕರು. 850 ವರ್ಷಕ್ಕೂ ಜಾಸ್ತಿ ಒಂದೇ ಮನೆತನದ ಕೈಯಲ್ಲಿದೆ. 1689ರ ಹೊತ್ತಿಗೆ ಫ್ರೆಂಚ್ ಸೈನ್ಯ ಈ ಸೀಮೆಯ ಕೋಟೆಗಳನ್ನೆಲ್ಲ ಹಾಳು ಮಾಡುತ್ತಿದ್ದಾಗ, ಆ ಸೈನ್ಯದಲ್ಲೇ ದೊಡ್ಡ ಹುದ್ದೆಯಲ್ಲಿದ್ದ ಈ ಮನೆಯವನೊಬ್ಬ ಕೆಡವುವ ಪಟ್ಟಿಯಿಂದ ಎಲ್ಟ್ಸ್ ಹೆಸರು ತೆಗೆಸಿದನಂತೆ.

ನನಗೆ ಹಿಡಿಸಿದ್ದು ರೋಡೆನ್‌ಡಾರ್ಫ್ ಮನೆಯ ದೊಡ್ಡ ಹಜಾರ. ಮನೆತನದವರು ಕೂತು ಪಂಚಾಯ್ತಿ ಮಾಡುತ್ತಿದ್ದ ಜಾಗ. ಗೋಡೆ ಮೇಲೆ ವಿದೂಷಕರ ಮುಖಗಳಿವೆ: ಇಲ್ಲಿ ಏನು ಬೇಕಾದರೂ ಮಾತಾಡಬಹುದು ಅಂತ. ಬಾಗಿಲ ಮೇಲೊಂದು ಗುಲಾಬಿ: ಆಡಿದ್ದು ಹೊರಗೆ ಹೋಗಬಾರದು ಅಂತ. ಫೋಟೊ ತೆಗೆಯುವ ಹಾಗಿಲ್ಲ, ಹಾಗಾಗಿ ಆ ಗುಲಾಬಿ ನನ್ನ ಫೋನಿನಲ್ಲಿಲ್ಲ. ನಾವು ಹೋದದ್ದು ಶನಿವಾರ, ತಪ್ಪು ನಮ್ಮದೇ. ಅಂಗಳದ ತುಂಬ ಜನ. ವಾಪಸ್ ಹತ್ತುವಾಗ ವ್ಯಾನಿಗೂ ಉದ್ದ ಸಾಲು.

ಕಾರಿನಲ್ಲಿ ಅಪ್ಪ ತೀರ್ಪು ಕೊಟ್ಟರು. "ಚೆಂದ ಇದೆ. ಆದ್ರೆ ಇದು ಕೋಟೆ ಅಲ್ಲ, ವಾಡೆ."

ನಾನು ಒಂದೆರಡು ದಿನ ಅದನ್ನೇ ಯೋಚಿಸಿದೆ. ಮಾತು ಸರಿ ಇತ್ತು. ಆದ್ದರಿಂದ ಮುಂದಿನ ವಾರ ಮಾರ್ಕ್ಸ್‌ಬುರ್ಗ್.

ಇದು ರೈನ್ ಬಲದಂಡೆಯಲ್ಲಿ, ಬ್ರೌಬಾಖ್ ಊರಿನ ನೆತ್ತಿಯ ಮೇಲಿದೆ. ಕಾರು ಬೇಡ. ಫ್ರಾಂಕ್‌ಫರ್ಟ್‌ನಿಂದ ವೀಸ್‌ಬಾಡೆನ್ ಮೇಲೆ ಹೋಗುವ ಲೋಕಲ್ ರೈಲು ಊರಿನಲ್ಲೇ ಇಳಿಸುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸು) ಇದ್ದರೆ ಬೇರೆ ಖರ್ಚೂ ಇಲ್ಲ. ಗುಡ್ಡ ಹತ್ತಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಅಮ್ಮ ನಾಲ್ಕು ಕಡೆ ಕೂತು ಮುಕ್ಕಾಲು ಗಂಟೆ ತೆಗೆದುಕೊಂಡರು. ಬೇಸಿಗೆಯಲ್ಲಿ ಮೇಲಕ್ಕೆ ಆಟದ ರೈಲಿನಂಥ ಗಾಡಿಯೂ ಓಡುತ್ತದೆ. ಅದು ನಮಗೆ ಗೊತ್ತಾದದ್ದು ಇಳಿಯುವಾಗ.

ಈ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಒಮ್ಮೆಯೂ ನಾಶವಾಗದೆ ಉಳಿದದ್ದು ಇದೊಂದೇ. ಮಿಕ್ಕವುಗಳಲ್ಲಿ ಹೆಚ್ಚಿನವು ಪಾಳು, ಇಲ್ಲವೇ 19ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿದವು. 1945ರಲ್ಲಿ ಇದಕ್ಕೂ ಅಮೆರಿಕದ ಗುಂಡುಗಳು ಬಿದ್ದವು, ಆಮೇಲೆ ದುರಸ್ತಿಯಾಯಿತು. 1900ರಿಂದ ಇದು ಜರ್ಮನಿಯ ಕೋಟೆಗಳ ಸಂಘದ ಆಸ್ತಿ.

ಗೇಟ್ ದಾಟಿದ ಕೂಡಲೇ ಬಂಡೆಯಲ್ಲೇ ಕಡಿದ ಮೆಟ್ಟಿಲು. ಕುದುರೆಗಳು ಹತ್ತಲಿ ಅಂತ ಮಾಡಿದ್ದು, ಮನುಷ್ಯರ ಮಂಡಿಗಲ್ಲ. ಅಡ್ಡಾದಿಡ್ಡಿ, ಸವೆದು ನುಣುಪಾಗಿದೆ. ಅಪ್ಪ ಬಗ್ಗಿ ಒಂದು ಮೆಟ್ಟಿಲನ್ನು ಕೈಯಿಂದ ಸವರಿ, "ಹಾಂ, ಇದು ಕೋಟೆ," ಅಂದರು. ಅಮ್ಮ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಗೋಡೆಯನ್ನು ಹಿಡಿದು ಹತ್ತಿದರು. ಮೇಲೆ ಬಂದರೆ ಸಾಲಾಗಿ ಫಿರಂಗಿಗಳು, ಎಲ್ಲದರ ಬಾಯಿ ನದಿಯ ಕಡೆಗೆ. ಹೋಗಿಬರುವ ದೋಣಿಗಳಿಂದ ಸುಂಕ ಎತ್ತುವುದೇ ಈ ದೊರೆಗಳ ಕಸುಬು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋದು ಅಂತೀವಲ್ಲ, ಇಲ್ಲಿ ಸುಂಕದವನ ಹಿಂದೆ ಫಿರಂಗಿಯೂ ಇತ್ತು.

ಒಳಗೆ ಚಿನ್ನ ಬೆಳ್ಳಿ ಏನಿಲ್ಲ. ಒಂದು ಆನೆ ನಿಲ್ಲುವಷ್ಟು ದೊಡ್ಡ ಒಲೆಯ ಅಡುಗೆಮನೆ ಇದೆ. ಗೋಡೆಯಿಂದ ಹೊರಗೆ ಗೂಡಿನಂತೆ ಚಾಚಿದ ಕಕ್ಕಸು ಇದೆ, ಕೆಳಗೆ ಬರೀ ಗಾಳಿ. ಅಮ್ಮ ಒಲೆ ನೋಡಿ ಹೊಗೆ ಎಲ್ಲಿ ಹೋಗುತ್ತಿತ್ತು ಅಂತ ಕೇಳಿದರು. ಮಾರ್ಗದರ್ಶಿ ನಿಂತು, ಮೇಲೆ ಕೈ ತೋರಿಸಿ ವಿವರಿಸಿದರು. ಇಲ್ಲಿ ಮಾರ್ಗದರ್ಶಿ ಇಲ್ಲದೆ ಒಳಗೆ ಬಿಡುವುದಿಲ್ಲ. ಹೆಚ್ಚಿನ ಗುಂಪುಗಳು ಜರ್ಮನ್‌ನಲ್ಲೇ, ಇಂಗ್ಲಿಷ್‌ನದ್ದು ನಿಗದಿತ ಹೊತ್ತಿಗೆ ಮಾತ್ರ. ಸಮಯ ನೋಡಿಕೊಂಡು ಹೋಗಿ. ಇನ್ನೊಂದು ವಿಷಯ: ಮಾರ್ಕ್ಸ್‌ಬುರ್ಗ್ ವರ್ಷಪೂರ್ತಿ ತೆರೆದಿರುತ್ತದೆ, ಎಲ್ಟ್ಸ್ ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ. ಡಿಸೆಂಬರ್‌ನಲ್ಲಿ ನೆಂಟರು ಬಂದರೆ ತಲೆ ಕೆಡಿಸಿಕೊಳ್ಳೋದೇ ಬೇಡ.

ಮೂರನೆಯದು ಸಾಂಕ್ಟ್ ಗೋವಾರ್‌ನ ರೈನ್‌ಫೆಲ್ಸ್, ಎಡದಂಡೆಯಲ್ಲಿ. ಪಾಳುಕೋಟೆ. ಅಮ್ಮ ಮನೆಯಲ್ಲೇ ಉಳಿದರು. 1245ರಲ್ಲಿ ಕಟ್ಟಿಸಿದ್ದು. ಹತ್ತು ವರ್ಷದಲ್ಲಿ ಸುಂಕದ ಕಾಟ ತಡೆಯಲಾರದೆ ನದಿ ಸೀಮೆಯ ಪಟ್ಟಣಗಳೆಲ್ಲ ಸೇರಿ ಮುತ್ತಿಗೆ ಹಾಕಿದವು. ವರ್ಷಕ್ಕೂ ಮೇಲೆ ಕೂತರೂ ಕೋಟೆ ಬಗ್ಗಲಿಲ್ಲ. 1692ರಲ್ಲಿ ಹದಿನಾಲ್ಕನೇ ಲೂಯಿಯ ಸೈನ್ಯಕ್ಕೂ ಬಗ್ಗಲಿಲ್ಲ. 1794ರಲ್ಲಿ ಮಾತ್ರ ಒಂದು ಗುಂಡೂ ಹಾರಿಸದೆ ಫ್ರೆಂಚರಿಗೆ ಬಿಟ್ಟುಕೊಟ್ಟರು, ಅವರು ಆಮೇಲೆ ಮದ್ದಿಟ್ಟು ಸಿಡಿಸಿದರು. ಈ ಕೊನೆಯ ಭಾಗ ಕೇಳಿ ಅಪ್ಪನಿಗೆ ಖಂಡಿತ ಸಮಾಧಾನವಾಗಲಿಲ್ಲ. "ಒಂದು ಒನಕೆನೂ ಇರಲಿಲ್ವಾ?" ಅಂದರು. ಒಳಗೆ ಮಾರ್ಗದರ್ಶಿ ಬೇಡ, ಮನಸ್ಸಿಗೆ ಬಂದ ಕಡೆ ಸುತ್ತಬಹುದು. ದುರಸ್ತಿ ನಡೆದರೆ ಕೆಲವು ಭಾಗ ಮುಚ್ಚಿರುತ್ತಾರೆ, ಮೊದಲೇ ವಿಚಾರಿಸಿ. ಹತ್ತು ವರ್ಷದ ಮಕ್ಕಳಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಕೊಖೆಮ್ ಬಗ್ಗೆಯೂ ಕೇಳುತ್ತಾರೆ. ಮೊಸೆಲ್ ದಡದ ಆ ಊರು ಸೊಗಸು. ಮೇಲಿನ ಕೋಟೆಯನ್ನು 1689ರಲ್ಲಿ ಕೆಡವಿದ್ದರು, 1868ರಿಂದ ಬರ್ಲಿನ್‌ನ ವ್ಯಾಪಾರಿಯೊಬ್ಬ ಹಳೇ ಶೈಲಿಯಲ್ಲಿ ಮತ್ತೆ ಕಟ್ಟಿಸಿದ. ನಾನು ಕೆಳಗೆ ಕೂತು ಐಸ್‌ಕ್ರೀಮ್ ತಿಂದು ನೋಡಿದ್ದೇ ಸಾಕಾಯಿತು.

ಕಾರು ಇದ್ದು, ವಾರದ ಮಧ್ಯೆ ರಜ ಸಿಕ್ಕು, ನೆಲ ಒಣಗಿದ್ದರೆ ಎಲ್ಟ್ಸ್‌ಗೆ ಹೋಗಿ, ಒಳ್ಳೇ ಶೂ ಹಾಕಿಕೊಂಡು. ಒಂದೇ ದಿನ ಇದೆ, ರೈಲೇ ಗತಿ ಅಂದರೆ ಮಾರ್ಕ್ಸ್‌ಬುರ್ಗ್. ನನ್ನ ಓಟೂ ಅದಕ್ಕೇ. ಹೋಗುವಾಗ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ. ಕಾಬ್ ಊರು ಬಂದಾಗ ನದಿಯ ನಡುವೆ ಸಣ್ಣ ಬಂಡೆಯ ಮೇಲೆ ಹಡಗಿನ ಆಕಾರದ ಬಿಳಿ ಕೋಟೆ ಕಾಣುತ್ತದೆ, ಫಾಲ್ಸ್‌ಗ್ರಾಫೆನ್‌ಸ್ಟೈನ್. ಅದೂ ಸುಂಕದ ಕಟ್ಟೆಯೇ. ಫೋನ್ ತೆಗೆಯುವಷ್ಟರಲ್ಲಿ ದಾಟಿಹೋಗುತ್ತದೆ, ಮೊದಲೇ ಕೈಯಲ್ಲಿ ಹಿಡಿದಿರಿ.