ವರ್ಮ್ಸ್ ಟ್ಯಾಕ್ಸನ್ ಮ್ಯಾಚ್: ಮೈಸೂರಲ್ಲಿ ಕೂತು ಕಡಲ ಜೀವಿಗಳ ಪಟ್ಟಿ ಸರಿಮಾಡುವವರಿಗೆ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿ ಕಡಲ ಜೀವವೈವಿಧ್ಯದ ಯೋಜನೆಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರುವವರಿಗೆ ದಿನದ ಬಹುಪಾಲು ಎಕ್ಸೆಲ್ ಹಾಳೆಯ ಜತೆಗೇ ಕೆಲಸ. ಕರಾವಳಿಯಿಂದ ಬಂದ ಹಳೆಯ ಪಟ್ಟಿಗಳಲ್ಲಿ ಒಂದೇ ಮೀನಿಗೆ ನಾಲ್ಕು ಬಗೆಯ ಕಾಗುಣಿತ ಇರುತ್ತದೆ. ಅದನ್ನು ಸರಿಪಡಿಸಿ, ಪ್ರತಿ ಹೆಸರಿಗೂ ಆಫಿಯಾ ಐಡಿ ಎಂಬ ಸಂಖ್ಯೆ ಜೋಡಿಸಿಕೊಡುವ ಉಚಿತ ಸೇವೆ ವರ್ಮ್ಸ್‌ನ ಟ್ಯಾಕ್ಸನ್ ಮ್ಯಾಚ್. ವರ್ಮ್ಸ್ ಎಂದರೆ ಕಡಲ ಜೀವಿಗಳ ಜಾಗತಿಕ ಹೆಸರು ಪಟ್ಟಿ. ಬೆಲ್ಜಿಯಂನ ಫ್ಲಾಂಡರ್ಸ್ ಮರೈನ್ ಇನ್‌ಸ್ಟಿಟ್ಯೂಟ್ ಇದನ್ನು ನಡೆಸುತ್ತದೆ, ಹೆಸರುಗಳನ್ನು ಆಯಾ ಗುಂಪಿನ ತಜ್ಞರೇ ನೋಡಿಕೊಳ್ಳುತ್ತಾರೆ. ಈ ಕೆಲಸಕ್ಕೆ ಇದಕ್ಕಿಂತ ನಂಬಿಕಸ್ಥ ಸಾಧನ ನಮಗೆ ಕಂಡಿಲ್ಲ. ಆದರೆ ಫಲಿತಾಂಶದ ಕಾಲಂಗಳನ್ನು ಓದದೆ ಹಾಗೇ ಅಂಟಿಸಿಕೊಂಡರೆ ಅಪಾಯ.

ಇಡೀ ಹಾಳೆಯನ್ನು ಅಪ್‌ಲೋಡ್ ಮಾಡಲು ಹೋಗಬೇಡಿ. ಸಾವಿರಾರು ಸಾಲುಗಳ ದಾಖಲೆಯಲ್ಲೂ ಬೇರೆ ಬೇರೆ ಹೆಸರುಗಳು ಕೆಲವು ನೂರು ಮಾತ್ರ ಇರುತ್ತವೆ. ಹೆಸರಿನ ಕಾಲಂ ಮಾತ್ರ ಬೇರೆ ಹಾಳೆಗೆ ತೆಗೆದು, ಹಿಂದೆ ಮುಂದೆ ಉಳಿದ ಖಾಲಿ ಜಾಗ ಅಳಿಸಿ, ಡೂಪ್ಲಿಕೇಟ್ ತೆಗೆದುಹಾಕಿ. ಕಾಗುಣಿತದ ಗೊಂದಲ ಜಾಸ್ತಿ ಇದ್ದರೆ ಮೊದಲು ಓಪನ್‌ರಿಫೈನ್ ಎಂಬ ತಂತ್ರಾಂಶದ ಕ್ಲಸ್ಟರ್ ಸೌಲಭ್ಯ (ಹತ್ತಿರದ ಕಾಗುಣಿತಗಳನ್ನು ಒಂದು ಗುಂಪು ಮಾಡಿ ತೋರಿಸುತ್ತದೆ) ಬಳಸಿ. ಅದೂ ಉಚಿತ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ದಾಖಲೆ ಹೊರಗೆ ಹೋಗುವುದಿಲ್ಲ.

ಮ್ಯಾಚ್ ಆದಮೇಲೆ ಬರುವ ಮ್ಯಾಚ್ ಟೈಪ್ ಕಾಲಂನಲ್ಲೇ ಎಲ್ಲ ಇದೆ. ಎಕ್ಸಾಕ್ಟ್ ಎಂದಿದ್ದರೆ ಅಕ್ಷರಶಃ ಹೊಂದಿದೆ. ನಿಯರ್ 1, ನಿಯರ್ 2 ಎಂದಿದ್ದರೆ ಒಂದೋ ಎರಡೋ ಅಕ್ಷರ ಬದಲಿಸಿ ಹೊಂದಿಸಿದೆ ಎಂದರ್ಥ. ಬಂಗುಡೆಯ ರಾಸ್ಟ್ರೆಲಿಜರ್ ಕನಗುರ್ಟದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಸರಿಯಾಗಿಯೇ ಹಿಡಿಯುತ್ತದೆ. ಆದರೆ ಒಂದೆರಡು ಅಕ್ಷರಗಳ ವ್ಯತ್ಯಾಸದಲ್ಲಿ ಬೇರೆಯದೇ ಜೀವಿಯ ಹೆಸರೂ ಸಿಕ್ಕಿಬಿಡಬಹುದು, ಹಾಗಾಗಿ ನಿಯರ್ ಸಾಲುಗಳನ್ನೆಲ್ಲ ಕಣ್ಣಾರೆ ನೋಡಲೇಬೇಕು. ಆಂಬಿಗ್ಯುಯಸ್ ಬಂದರೆ ಒಂದೇ ಹೆಸರನ್ನು ಇಬ್ಬರು ಬೇರೆ ಬೇರೆ ಜೀವಿಗಳಿಗೆ ಇಟ್ಟಿರಬಹುದು. ಹೆಸರಿಟ್ಟವರ ಹೆಸರು ಮತ್ತು ಇಸವಿ ನೋಡಿ ಆರಿಸಿ. ಆ ಆಯ್ಕೆಗಳನ್ನು ಬ್ರೌಸರ್‌ನಲ್ಲೇ ಮಾಡಬೇಕು, ಆದ್ದರಿಂದ ಒಂದೇ ಸಲಕ್ಕೆ ಕೂತು ಮುಗಿಸಿ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು. ಮಧ್ಯೆ ಕರೆಂಟ್ ಹೋದರೆ ಆದ ಕೆಲಸವೂ ಹೋಗುತ್ತದೆ.

ಹಳೆಯ ಹೆಸರು ಕೊಟ್ಟರೆ ಈಗ ಒಪ್ಪಿತವಾದ ಹೆಸರು ಪಕ್ಕದಲ್ಲೇ ಸಿಗುತ್ತದೆ. ಪಚ್ಚಿಲೆಗೆ (ಹಸಿರು ಮಸೆಲ್ ಎಂಬ ಚಿಪ್ಪುಜೀವಿ) ಲಿನೇಯಸ್ 1758ರಲ್ಲಿ ಇಟ್ಟದ್ದು ಮೈಟಿಲಸ್ ವಿರಿಡಿಸ್. ಈಗ ಅದು ಪೆರ್ನಾ ವಿರಿಡಿಸ್. ಹೊಸ ಹೆಸರು ಸಿಕ್ಕಿತೆಂದು ಮೂಲ ಪಟ್ಟಿಯಲ್ಲಿದ್ದದ್ದನ್ನು ಅಳಿಸಬೇಡಿ, ಬೇರೆ ಕಾಲಂನಲ್ಲಿ ಹಾಗೇ ಇಡಿ. ಮುಂದೆ ಗುರುತಿಸುವಿಕೆಯ ಬಗ್ಗೆ ಪ್ರಶ್ನೆ ಬಂದರೆ ಅದೊಂದೇ ಸಾಕ್ಷಿ. ಸಾರ್ಡಿನೆಲ್ಲಾ ಎಸ್‌ಪಿ. (ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ) ಅಂತ ಬರೆದಿದ್ದರೆ ಕುಲದ ಹೆಸರನ್ನು ಮಾತ್ರ ಮ್ಯಾಚ್‌ಗೆ ಕೊಟ್ಟು, ಎಸ್‌ಪಿ. ಎಂಬುದನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

ನಮ್ಮ ಪ್ರಕಾರ ಹೆಚ್ಚು ತಪ್ಪಾಗುವುದು ಫಲಿತಾಂಶವನ್ನು ಮೂಲ ಹಾಳೆಗೆ ವಾಪಸ್ ಜೋಡಿಸುವಾಗ. ಒಂದು ಹಾಳೆಯಲ್ಲಿ ಹುಡುಕಿ ಇನ್ನೊಂದಕ್ಕೆ ತರುವ ವಿಲುಕಪ್ ಸೂತ್ರದ ಕೊನೆಯಲ್ಲಿ ಫಾಲ್ಸ್ ಎಂದು ಹಾಕದಿದ್ದರೆ ಎಕ್ಸೆಲ್ ಅಂದಾಜಿನ ಹೊಂದಾಣಿಕೆ ಮಾಡಿ, ಭೂತಾಯಿ ಮೀನಿನ ಸಾಲಿಗೆ ಇನ್ಯಾವುದೋ ಏಡಿಯ ಐಡಿ ತಂದು ಕೂರಿಸುತ್ತದೆ. ಎರರ್ ಅಂತ ತೋರಿಸುವುದೂ ಇಲ್ಲ. ಜೋಡಿಸಿದ ಮೇಲೆ ಹೆಸರು, ವರ್ಗ ಎರಡನ್ನೂ ಅಕ್ಕಪಕ್ಕ ಇಟ್ಟು ಸೋಸಿ ನೋಡಿ.

ಫೀಲ್ಡ್ ಪುಸ್ತಕದ ಕನ್ನಡ, ತುಳು ಹೆಸರುಗಳು ಟ್ಯಾಕ್ಸನ್ ಮ್ಯಾಚ್‌ಗೆ ಗೊತ್ತಾಗುವುದಿಲ್ಲ. ಅವುಗಳನ್ನು ಎಸೆಯದೆ ಸ್ಥಳೀಯ ಹೆಸರಿನ ಕಾಲಂನಲ್ಲಿಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್-8 ಆರಿಸಬೇಕು. ಇಲ್ಲವಾದರೆ ಕಾಣೆ, ಅಂಜಲ್ ಮುಂತಾದ ಮೀನಿನ ಹೆಸರುಗಳೆಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಟ್ಯಾಕ್ಸನ್ ಮ್ಯಾಚ್ ನೋಡುವುದು ಹೆಸರನ್ನು ಮಾತ್ರ, ಜಾಗವನ್ನಲ್ಲ. ಕಡಲ ಜೀವಿಗಳ ಜಾಗತಿಕ ದತ್ತಾಂಶ ಭಂಡಾರವಾದ ಒಬಿಸ್‌ಗೆ ಕಳಿಸುವ ದಾಖಲೆಯಾದರೆ (ಅದರ ಭಾರತದ ಕೇಂದ್ರ ಇಂಡೋಬಿಸ್, ಕೊಚ್ಚಿಯ ಸಿಎಂಎಲ್‌ಆರ್‌ಇ ಎಂಬ ಕಡಲ ಜೀವಸಂಪನ್ಮೂಲ ಸಂಸ್ಥೆಯಲ್ಲಿದೆ) ಅಕ್ಷಾಂಶ, ರೇಖಾಂಶಗಳನ್ನು ಬೇರೆಯಾಗಿ ಪರೀಕ್ಷಿಸಬೇಕು. 12 ಡಿಗ್ರಿ 52 ನಿಮಿಷ 30 ಸೆಕೆಂಡ್ ಎಂದರೆ 12.875. ಅದನ್ನು 12.5230 ಎಂದು ಬರೆದರೆ ಬಿಂದು ಸುಮಾರು 39 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ. ಮಂಗಳೂರಿನ 12.9, 74.8 ಅದಲುಬದಲಾದರೆ ನಾರ್ವೆಯ ಉತ್ತರದ ಕಡಲಿಗೆ ಹೋಗುತ್ತದೆ. ಅದೂ ಕಡಲೇ ಆದ್ದರಿಂದ, ಬಿಂದು ನೆಲದ ಮೇಲಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ! ನಕ್ಷೆಯ ಮೇಲೆ ಹಾಕಿ ನೋಡುವುದೇ ದಾರಿ.

ಕಾವೇರಿಯದೋ ಕುಕ್ಕರಹಳ್ಳಿ ಕೆರೆಯದೋ ಪಟ್ಟಿ ಇದ್ದರೆ ವರ್ಮ್ಸ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಸಿಹಿನೀರಿನ ಹೆಸರುಗಳು ಇಲ್ಲಿ ಪೂರ್ತಿಯಾಗಿಲ್ಲ. ಮೀನುಗಳಿಗೆ ಎಶ್‌ಮೇಯರ್ ಕ್ಯಾಟಲಾಗ್ ನೋಡಿ. ಕಡಲಿನದೇ ದೊಡ್ಡ ಪಟ್ಟಿಯಾದರೆ, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಒಬಿಸ್‌ಟೂಲ್ಸ್ ಪ್ಯಾಕೇಜಿನಿಂದ ಇದೇ ಮ್ಯಾಚ್ ಮಾಡಿಕೊಳ್ಳಬಹುದು. ನೆಲ-ಕಡಲಿನ ಪರೀಕ್ಷೆಯೂ ಅದರಲ್ಲೇ ಇದೆ.