ಹನ್ನೆರಡು ದಿನ ನಡೆದರೂ ಮೆತ್ತಗಾಗದ ಶಂಕರಪೋಳಿ

ಕೊಪ್ಪಳದ ಜವಾಹರ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಅಕ್ಕ ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ತಿಂಡಿ ಮಾಡಿ ಮಾರುತ್ತಾರೆ. ಬೋರ್ಡ್ ಇಲ್ಲ. ‘ಚಕ್ಕುಲಿ ಅಕ್ಕಾರ ಮನಿ’ ಅಂದರೆ ಓಣಿಯವರು ತೋರಿಸುತ್ತಾರೆ. ಚಕ್ಕುಲಿ ಚೆನ್ನಾಗಿದೆ, ಆದರೆ ನಾನು ಬರೆಯುತ್ತಿರುವುದು ಅವರ ಶಂಕರಪೋಳಿ ಬಗ್ಗೆ.

ಹೋದ ಯುಗಾದಿಗೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಗೆ ಹೊರಟಾಗ ಒಂದು ಕೆಜಿ ಕಟ್ಟಿಸಿಕೊಂಡೆ. 280 ರೂಪಾಯಿ. ಹನ್ನೆರಡು ದಿನ ನಡೆದೆವು. ದಾರಿಯುದ್ದಕ್ಕೂ ಭಕ್ತರು ಊಟ ಹಾಕುತ್ತಾರೆ, ಹೊಟ್ಟೆಗೆ ಕೊರತೆ ಇಲ್ಲ. ಆದರೆ ನಾಗಲೂಟಿ ದಾಟಿ ನಲ್ಲಮಲ ಕಾಡಿಗೆ ಕಾಲಿಟ್ಟ ಮೇಲೆ, ಭೀಮನಕೊಳ್ಳದ ಮೆಟ್ಟಿಲು ಹತ್ತುವಾಗ, ಜೇಬಿಗೆ ಕೈ ಹಾಕಿದರೆ ಏನಾದರೂ ಸಿಗಬೇಕು. ಬಿಸಿಲಿಗೆ ಬೆವರು ಸುರಿದು ಚೀಲ ಒದ್ದೆಯಾಗಿತ್ತು. ಶಂಕರಪೋಳಿ ಮಾತ್ರ ಮೊದಲ ದಿನದ ಹಾಗೇ ಕಟಕ್ ಅಂತಿತ್ತು.

ಇದನ್ನು ಯಾಕಿಷ್ಟು ಹೇಳುತ್ತೇನೆ ಅಂದರೆ, ನನ್ನ ಪಾಲಿಗೆ ಇದು ಟೀ ಜೊತೆಗಿನ ತಿಂಡಿ ಅಲ್ಲ. ನಾನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವನು, ಅಂದರೆ ಸೇನೆಯ ಎಂಜಿನಿಯರ್ ಪಡೆಯವನು. 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಶಾಂತಿ ಕಾಯಲು ಅಂತ ನಮ್ಮನ್ನು ಶ್ರೀಲಂಕಾಕ್ಕೆ ಕಳಿಸಿದರು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ, ತಮಿಳರಿಗೆ ಬೇರೆ ದೇಶ ಬೇಕೆಂದು ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ನಾವೇ ಯುದ್ಧಕ್ಕೆ ನಿಂತಿದ್ದೆವು. ಸಿಂಹಳೀಯರು-ತಮಿಳರ ಮನೆಜಗಳದ ನಡುವೆ ಸಿಕ್ಕಿಕೊಂಡೆವು.

ಅಲ್ಲಿ ರಸ್ತೆ ಮೇಲೆ ನಡೆಯುವ ಹಾಗಿರಲಿಲ್ಲ. ಮೋರಿ ಕೆಳಗೆ, ಡಾಂಬರಿನ ಅಂಚಿನಲ್ಲಿ ಮೈನ್ ಹೂತಿರುತ್ತಿದ್ದರು. ಹಾಗಾಗಿ ಹೊಲ, ತಾಳೆಮರದ ತೋಪು, ಮನೆಗಳ ಹಿತ್ತಲು, ಇದೇ ನಮ್ಮ ದಾರಿ. ಒಬ್ಬರಿಂದ ಒಬ್ಬರಿಗೆ ಹತ್ತು ಹೆಜ್ಜೆ ಅಂತರ. ಸಿಡಿದರೆ ಒಬ್ಬನೇ ಹೋಗಲಿ ಅಂತ. ನಾವು ಸ್ಯಾಪರ್‌ಗಳು ಮುಂದೆ, ಕಬ್ಬಿಣದ ಸಲಾಕೆ ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ. ಬೆನ್ನಿಗೆ ಪಿಟ್ಠು ಅನ್ನುವ ಚೀಲ, ಕೈಯಲ್ಲಿ ನಾಲ್ಕು ಕೆಜಿ ದಾಟುವ ಎಸ್‌ಎಲ್‌ಆರ್ ರೈಫಲ್, ಮೇಲೆ ಹಿಂಗಾರಿನ ಮಳೆ. ನೆನೆದ ಬೂಟಿನಲ್ಲಿ ಕಾಲು ಬೆಳ್ಳಗೆ ಸುಕ್ಕಾಗಿ, ಸಾಕ್ಸ್ ಜೊತೆಗೇ ಚರ್ಮ ಕಿತ್ತು ಬರುತ್ತಿತ್ತು.

ಒಲೆ ಹಚ್ಚುವ ಹಾಗಿಲ್ಲದ ದಿನ ಲಂಗರಿನಿಂದ, ಅಂದರೆ ಸೇನೆಯ ಅಡುಗೆಮನೆಯಿಂದ, ಬಂದ ಪೂರಿ ಮತ್ತು ಶಕ್ಕರ್‌ಪಾರೆಯೇ ಊಟ. ಶಕ್ಕರ್‌ಪಾರೆ ಅಂದರೆ ನಮ್ಮ ಶಂಕರಪೋಳಿಯೇ. ಪೂರಿ ಎರಡನೇ ದಿನಕ್ಕೆ ಬೂಸ್ಟು ಹಿಡಿಯುತ್ತಿತ್ತು. ಒಂದು ರಾತ್ರಿ ತಾಳೆತೋಪಿನಲ್ಲಿ ನನ್ನ ಪೊಟ್ಟಣ ಎಲ್ಲೋ ಬಿದ್ದು ಹೋಗಿತ್ತು. ಗದಗಿನ ಗೆಳೆಯ ತನ್ನದನ್ನು ಬಿಚ್ಚಿದ. ಸುತ್ತಿದ್ದ ಪೇಪರ್ ನೆನೆದು ಅಂಬಲಿ ಆಗಿತ್ತು, ಒಳಗಿನ ಚೂರುಗಳು ಮಾತ್ರ ಗಟ್ಟಿ. ಕತ್ತಲಲ್ಲೇ ಬೆರಳಲ್ಲಿ ಎಣಿಸಿ, ನನಗೆ ಏಳು, ತನಗೆ ಆರು ಇಟ್ಟುಕೊಂಡ. ನವೆಂಬರಿನಲ್ಲಿ ಒಂದು ಮೋರಿ ಹತ್ತಿರ ಅವನು ಹೋದ. 1990ರ ಮಾರ್ಚಿನಲ್ಲಿ ಸೇನೆ ಪೂರ್ತಿ ವಾಪಸ್ ಬರುವಷ್ಟರಲ್ಲಿ ಹಾಗೆ ಹೋದವರು ಸುಮಾರು 1,200 ಜನ.

ಈಗಿನ ಬೇಕರಿ ಶಂಕರಪೋಳಿ ಬಾಯಲ್ಲಿಟ್ಟರೆ ಪುಡಿಪುಡಿ. ಡಾಲ್ಡಾ ಜಾಸ್ತಿ, ಜೇಬಲ್ಲಿ ಹಿಟ್ಟಾಗುತ್ತದೆ. ಈ ಅಕ್ಕ ಮೈದಾಕ್ಕೆ ಚಿರೋಟಿ ರವೆ ಸೇರಿಸಿ, ಕಾಸಿದ ತುಪ್ಪ ಅಳತೆಯಲ್ಲಿ ಹಾಕಿ, ಗಟ್ಟಿಯಾಗಿ ನಾದುತ್ತಾರೆ. ಸಣ್ಣ ಉರಿಯಲ್ಲಿ ಒಂದು ಒಬ್ಬೆಗೆ ಇಪ್ಪತ್ತು ನಿಮಿಷ ಕರಿಯುತ್ತಾರೆ. ನಾನೇ ನಿಂತು ನೋಡಿದ್ದೇನೆ. ‘ಮಂದಿ ಇಷ್ಟ್ ಗಟ್ಟಿ ಬ್ಯಾಡ ಅಂತಾರ್ರೀ’ ಅಂದರು. ‘ನನಗ ಹಿಂಗ ಇರಲಿ ಅಕ್ಕಾ’ ಅಂದೆ.

ಕೊರತೆಯೂ ಇದೆ. ಪ್ಲಾಸ್ಟಿಕ್ ಕವರ್ ತೀರಾ ತೆಳು, ಎರಡನೇ ದಿನವೇ ಹರಿಯಿತು. ಡಬ್ಬಿ ಒಯ್ದರೆ ಒಳ್ಳೆಯದು. ಖಾರದ್ದು ವಾರಕ್ಕೇ ಎಣ್ಣೆ ವಾಸನೆ ಹೊಡೆಯುತ್ತದೆ, ಬೇಡ. ಹಲ್ಲು ಗಟ್ಟಿ ಇಲ್ಲದವರು ಚಹಾದಲ್ಲಿ ಅದ್ದಿ ತಿನ್ನಿ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿರುತ್ತಾರೆ.

ಯುಗಾದಿ ಮುಂದೆ ಪಾದಯಾತ್ರೆಯವರು ಮುಗಿಬೀಳುತ್ತಾರೆ, ಹದಿನೈದು ದಿನ ಮೊದಲೇ ಹೇಳಿಡಬೇಕು. ಈ ಸಲ ನಾನು ಎರಡು ಕೆಜಿ ಹೇಳಿದ್ದೇನೆ. ಒಂದು ನನಗೆ, ಒಂದು ಗದಗಿಗೆ, ಅವನ ತಂಗಿ ಮನೆಗೆ.