ಹುತ್ತದ ಅಣಬೆಯೋ, ಗೂಳಿಗಪ್ಪೆಯೋ?

ಮಳೆಗಾಲದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಆಸುಪಾಸಿನಲ್ಲಿ ಮಕ್ಕಳಿಂದ ಅಧ್ಯಯನ ಮಾಡಿಸಲು ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂದು ಶಿಕ್ಷಕರೊಬ್ಬರು ಕೇಳಿದ್ದಾರೆ.

ಗುರುತಿಸಲು ಕಪ್ಪೆಯೇ ಸುಲಭ. ದೊಡ್ಡ ಮಳೆ ಬಿದ್ದೊಡನೆ ಹೊಂಡದ ಅಂಚಿನಲ್ಲಿ ಗಂಡು ಕಪ್ಪೆಯು ನಿಂಬೆಹಳದಿಗೆ ತಿರುಗಿ, ಗಂಟಲಿನ ಇಕ್ಕೆಲದ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವಾಗ ಮಕ್ಕಳು ತಪ್ಪುವ ಮಾತೇ ಇಲ್ಲ. ಅಣಬೆಯ ನಿಜವಾದ ಗುರುತಾದರೋ ಮಣ್ಣಿನೊಳಗಿದೆ: ಅದರ ಕಾಂಡವು ಬೇರಿನಂತೆ ಕೆಳಗಿಳಿದು, ಗೆದ್ದಲುಗಳು ಸಾಕಿಕೊಂಡ ಶಿಲೀಂಧ್ರದ ತೋಟವನ್ನು ಮುಟ್ಟಿರುತ್ತದೆ; ನೋಡಲೆಂದು ಅಗೆದರೆ ಆ ತೋಟಕ್ಕೇ ಪೆಟ್ಟು. ವಿಷದ ಅಣಬೆಗಳೂ ಇರುವುದರಿಂದ ಯಾವುದನ್ನೂ ಬಾಯಿಗಿಡಲು ಬಿಡಬಾರದು.

ಖರ್ಚು ಎರಡಕ್ಕೂ ಅಷ್ಟೇ, ಒಂದು ಮೊಬೈಲ್ ಕ್ಯಾಮೆರಾ ಸಾಕು.

ರಕ್ಷಣೆಯ ದೃಷ್ಟಿಯಿಂದ ಮಾತ್ರ ಅಂತರ ದೊಡ್ಡದು. ಕಾಲುಗಳ ರಫ್ತಿಗಾಗಿ ಅಪಾರವಾಗಿ ಹಿಡಿಯಲಾಗುತ್ತಿದ್ದ ಈ ಕಪ್ಪೆಗಾಗಿ ಭಾರತವು 1987ರಲ್ಲಿ ಆ ರಫ್ತನ್ನೇ ನಿಷೇಧಿಸಿತು. ಅಣಬೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗಳಲ್ಲಿ ಜಾಗವೇ ಇಲ್ಲ. ಹೊಲ ಸಮ ಮಾಡುವಾಗ ಹುತ್ತವೊಂದು ಜೆಸಿಬಿಗೆ ಸಿಕ್ಕರೆ ಕೇಳುವವರಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಶಾಲೆಯ ಬಳಿ ಕೆರೆಯಿದ್ದು, ಸಂಜೆ ದೊಡ್ಡವರು ಜೊತೆಗಿರಬಲ್ಲರಾದರೆ ಕಪ್ಪೆಯನ್ನು ಆರಿಸಿ. ಹಗಲಿನ ಬಿಡುವಷ್ಟೇ ಇದ್ದು, ಊರ ಹಿರಿಯರಿಂದ ಹುತ್ತಗಳ ನೆಲೆ ಕೇಳಿ ದಾಖಲಿಸುವ ಆಸಕ್ತಿ ಮಕ್ಕಳಿಗಿದ್ದರೆ ಅಣಬೆಯೇ ಸೂಕ್ತ.